ಸಹಾಯ ಬೇಕು: ಮಳೆ ಬಂದಾಗ ಸೆನ್ಸರ್ ಇನ್‌ಪುಟ್ ತಾನಾಗಿ ಆನ್ ಆಗುತ್ತಿದೆ

ನಮಸ್ಕಾರ. ಕಾರವಾರದಲ್ಲಿ ಕಡಲಿಗೆ ಮುಖ ಮಾಡಿದ ಕಲ್ಯಾಣ ಮಂಟಪ. ವರಾಂಡದ ದೀಪಗಳು ಪಿಎಲ್‌ಸಿ (ಪ್ರೋಗ್ರಾಂ ಮಾಡಬಲ್ಲ ನಿಯಂತ್ರಕ) ಮೇಲೆ ನಡೆಯುತ್ತವೆ. ಜನರ ಓಡಾಟ ಗುರುತಿಸುವ ಪಿಐಆರ್ ಸೆನ್ಸರ್‌ನ ರಿಲೇ ಕಾಂಟ್ಯಾಕ್ಟ್ (ಸ್ವಿಚ್) ಮೂಲಕ 24 ವೋಲ್ಟ್ ಡಿಸಿ ಪಿಎಲ್‌ಸಿಯ ಇನ್‌ಪುಟ್‌ಗೆ ಬರುತ್ತದೆ. ವೈರ್ ಸುಮಾರು 60 ಮೀಟರ್.

ಜೋರು ಮಳೆಯಲ್ಲಿ ಯಾರೂ ಓಡಾಡದಿದ್ದರೂ ಇನ್‌ಪುಟ್‌ನ ಎಲ್‌ಇಡಿ ಮಿಣುಕುತ್ತದೆ. ಮೀಟರ್ ಇಟ್ಟರೆ 9 ವೋಲ್ಟ್, ಕೆಲವೊಮ್ಮೆ 11 ದಾಟುತ್ತದೆ. ಈ ಇನ್‌ಪುಟ್ 5 ವೋಲ್ಟ್‌ವರೆಗೆ ಆಫ್, 11ರಿಂದ ಮೇಲೆ ಆನ್, ನಡುವೆ ಭರವಸೆಯಿಲ್ಲ. ಸೆನ್ಸರ್ ಕಳಚಿದರೂ ಅಷ್ಟೇ ವೋಲ್ಟೇಜ್, ಹಾಗಾಗಿ ಸೆನ್ಸರ್ ಕೆಟ್ಟಿಲ್ಲ. ವೈರ್‌ಗಳನ್ನು ಜೋಡಿಸಿರುವ ಜಂಕ್ಷನ್ ಬಾಕ್ಸ್ ತೆರೆದರೆ ಟರ್ಮಿನಲ್ ಸ್ಕ್ರೂಗಳ ಸುತ್ತ ಹಸಿರು ಕಿಲುಬು, ಅಡಿಯಲ್ಲಿ ಬೆವರಿನಂತೆ ನೀರು. ಉಪ್ಪುಗಾಳಿಯ ತೇವದಲ್ಲಿ ಪ್ಲಸ್ ಟರ್ಮಿನಲ್‌ನಿಂದ ಸಿಗ್ನಲ್ ವೈರ್‌ಗೆ ಕರೆಂಟ್ ಸೋರುತ್ತಿದೆ ಎಂದೇ ನನ್ನ ಲೆಕ್ಕ.

ಇನ್‌ಪುಟ್ ಮತ್ತು ಮೈನಸ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದಾಗ 9 ಇದ್ದದ್ದು 4ಕ್ಕೆ ಇಳಿಯಿತು. 24 ವೋಲ್ಟ್‌ನಲ್ಲಿ ಅದು ತಿನ್ನುವುದು 5 ಮಿಲಿಆಂಪ್, ಕಾಲು ವ್ಯಾಟ್‌ನದ್ದು ಸಾಕು. ಆದರೆ ಇದು ಗಾಯ ಮುಚ್ಚಿದಂತೆ, ವಾಸಿಯಾದಂತಲ್ಲ. ಸಾಫ್ಟ್‌ವೇರ್ ಫಿಲ್ಟರ್ ಹೆಚ್ಚಿಸಿಯೂ ಪ್ರಯೋಜನವಿಲ್ಲ, ಅದು ಕ್ಷಣಿಕ ಸಿಗ್ನಲ್‌ಗಳನ್ನಷ್ಟೇ ತಡೆಯುತ್ತದೆ. ಸೋರಿಕೆ ಗಂಟೆಗಟ್ಟಲೆ ಇರುತ್ತದೆ.

ಕರಾವಳಿಯಲ್ಲಿ ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಬಾಕ್ಸ್‌ಗೆ ನೀರು ತಡೆಯುವ ಜೆಲ್ ತುಂಬುವುದು ನಾಲ್ಕೈದು ಮಳೆಗಾಲ ತಡೆಯುತ್ತದೆಯೇ? ಅಥವಾ ಜೋಡಣೆಯೇ ಇಲ್ಲದಂತೆ ಒಂದೇ ಕೇಬಲ್ ಎಳೆಯುವುದು ಒಳ್ಳೆಯದೇ? ಅದೇ ಪೈಪಿನಲ್ಲಿ 230 ವೋಲ್ಟ್ ವೈರೂ ಇದೆ. ಹೊಸದು ಎಳೆದರೆ ಅದನ್ನಂತೂ ಬೇರೆ ಮಾಡಲೇಬೇಕು.