ರೇಷ್ಮೆ ಹುಳುವಿಗೆ ಹದಿನಾರು ಕಾಲು: ಅದು ಕೀಟ ಹೇಗಾಯಿತು?

ಪ್ರಶ್ನೆ (ಶಿಡ್ಲಘಟ್ಟದಿಂದ)

ಮಾನ್ಯರೇ, ನಮ್ಮ ಮನೆಯಲ್ಲಿ ತಲೆಮಾರಿನಿಂದ ರೇಷ್ಮೆ ಹುಳು ಸಾಕುತ್ತಿದ್ದೇವೆ. ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಜೇಡದ ಬಳಗ ಎಂದು ಶಾಲೆಯಲ್ಲಿ ಕಲಿತು ಬಂದ ಮಗಳು, ತಟ್ಟೆಯಲ್ಲಿದ್ದ ದೊಡ್ಡ ಹುಳುವೊಂದನ್ನು ಅಂಗೈ ಮೇಲಿಟ್ಟು ಎಣಿಸಿದಳು, ಹದಿನಾರು ಬಂದವು. ಹಾಗಾದರೆ ಇದು ಜರಿ, ಸಹಸ್ರಪದಿಗಳ ಗುಂಪಿಗೆ ಸೇರಬೇಕಲ್ಲವೇ? ಜ್ವರಕ್ಕೆ ಕೂತ (ಆಗಾಗ ಅಲುಗಾಡದೆ ಕೂರುವುದನ್ನು ನಾವು ಸಾಕುವವರು ಹೀಗೆನ್ನುತ್ತೇವೆ) ಹುಳು ಸೊಪ್ಪು ಮುಟ್ಟದಿರುವುದು ಕಾಯಿಲೆಯೇ ಎಂದೂ ಕೇಳುತ್ತಿದ್ದಾಳೆ.

ಉತ್ತರ (ಚಿಂತಾಮಣಿ, ಜೀವಶಾಸ್ತ್ರ ಶಿಕ್ಷಕ)

ಮಗಳ ಎಣಿಕೆಯೂ ಸರಿ, ಪಾಠವೂ ಸರಿ. ತಲೆಯ ಹಿಂದೆಯೇ ಇರುವ ಮೂರು ಜೊತೆ ಮಾತ್ರ ನಿಜವಾದ ಕಾಲುಗಳು. ಭೂತಗನ್ನಡಿಯಲ್ಲಿ ನೋಡಿದರೆ ಅವುಗಳ ಗೆಣ್ಣುಗಳೂ ತುದಿಯ ಉಗುರೂ ಕಾಣುತ್ತವೆ. ಹೊಟ್ಟೆಯಡಿಯ ನಾಲ್ಕು ಜೊತೆ ಮತ್ತು ಬಾಲದ ಒಂದು ಜೊತೆ ಗೆಣ್ಣಿಲ್ಲದ ಮಾಂಸದ ಗುಬುಟುಗಳಾಗಿದ್ದು, ಅಂಗಾಲಿನ ಸಣ್ಣ ಕೊಕ್ಕೆಗಳಿಂದ ಎಲೆಯಂಚನ್ನು ಹಿಡಿದುಕೊಳ್ಳಲು ನೆರವಾಗುತ್ತವೆ. ಹುಳು ಗೂಡಿನೊಳಗೆ ಕೋಶವಾಗುವಾಗ ಅವು ಇಲ್ಲವಾಗುತ್ತವೆ. ಹೊರಬರುವ ಚಿಟ್ಟೆಗೆ ಆರೇ ಕಾಲು. ಕೀಟ, ಜೇಡ, ಜರಿಗಳೆಲ್ಲ ಸೇರುವ ದೊಡ್ಡ ಗುಂಪಿನ ಸಂಧಿಪದಿ ಎಂಬ ಹೆಸರೇ ಗೆಣ್ಣುಳ್ಳ ಕಾಲನ್ನು ಹೇಳುತ್ತದೆಯಾದ್ದರಿಂದ ಗುಬುಟುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಜರಿಗಾದರೋ ಬಹುತೇಕ ಪ್ರತಿ ಖಂಡಕ್ಕೂ ಗೆಣ್ಣುಳ್ಳ ಒಂದು ಜೊತೆ ಕಾಲು, ಸಹಸ್ರಪದಿಗೆ ಎರಡು ಜೊತೆ.

ಜ್ವರ ಕಾಯಿಲೆಯಲ್ಲ. ಕೈಟಿನ್ ಎಂಬ ಗಟ್ಟಿ ವಸ್ತು ಇರುವ ಹೊರಚರ್ಮ ಮೈ ಬೆಳೆದಷ್ಟೂ ಹಿಗ್ಗದ ಕಾರಣ ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ತಲೆಯೆತ್ತಿ ಸುಮಾರು ಒಂದು ದಿನ ಅಲುಗಾಡದೆ ಕೂತಾಗ ಒಳಗೆ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ. ಆಗ ಅದನ್ನು ಮುಟ್ಟದಿರುವುದು ಒಳ್ಳೆಯದು.

ಉತ್ತರ (ಮುಳಬಾಗಿಲು, ಟೊಮೆಟೊ ಬೆಳೆಗಾರ)

ಕಾಲೆಣಿಸಿ ನಾನೂ ಮೋಸಹೋಗಿದ್ದೇನೆ. ಜೇಡದ ಬಳಗಕ್ಕೆ ಸೇರಿದ, ಎಲೆಯಡಿಯ ಕೆಂಪು ನುಸಿಯ ಮರಿಗೆ ಆರೇ ಕಾಲು ಕಂಡದ್ದರಿಂದ ಕೀಟವೆಂದು ನಂಬಿ ಎರಡು ಬಾರಿ ಕೀಟನಾಶಕ ಹೊಡೆದೆ; ನುಸಿಯನ್ನು ತಿನ್ನುವ ಕೀಟಗಳು ಸತ್ತು, ನುಸಿ ಇನ್ನಷ್ಟು ಹೆಚ್ಚಿತು. ಅಂಥ ಔಷಧ ಗಾಳಿಯಲ್ಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ನಿಮ್ಮ ಹುಳುವಿಗೂ ಅಪಾಯ.

ಉತ್ತರ (ಚಿಂತಾಮಣಿ)

ನಿಮ್ಮ ಮಾತು ಸರಿ. ನುಸಿಯ ಮರಿ ಮೊದಲ ಪೊರೆ ಕಳಚಿದ ಮೇಲೆ ನಾಲ್ಕನೇ ಜೊತೆ ಕಾಲು ಬರುತ್ತದೆ. ಅದಕ್ಕೆ ಮೀಸೆಗಳಾಗಲಿ, ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಾಗಲಿ ಎಂದೂ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಇಂದು ಜ್ವರದಿಂದ ಎದ್ದ ಹುಳುವಿನ ಪಕ್ಕದಲ್ಲಿ ಮಗಳಿಗೆ ಹಳೆಯ ತಲೆಚಿಪ್ಪು ಸಿಕ್ಕಿತು. ಹೊಸ ತಲೆಯ ಮುಂದೆ ಅದು ಕೂಸಿನ ಕುಲಾವಿಯಷ್ಟು ಚಿಕ್ಕದಾಗಿತ್ತು.