ಹೊಯ್ಸಳ ಶಿಲ್ಪಕ್ಕೂ ತೋಟದ ಹಕ್ಕಿಗೂ ಒಂದೇ ಕ್ಯಾಮೆರಾ: ಕ್ಯಾನನ್ 5ಡಿ ಮಾರ್ಕ್ 2 ಕೊಳ್ಳಲೇ, 7ಡಿ ಕೊಳ್ಳಲೇ?

ಹೇಮಾವತಿ ದಂಡೆ (ಹಾಸನ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಹಲವು ವರ್ಷಗಳಿಂದ ಇರುವುದು ಕ್ಯಾನನ್ 1000ಡಿ. ಅದರ ಜೊತೆಗೆ 18-55 ಮಿ.ಮೀ. ಕಿಟ್ ಲೆನ್ಸ್, 55-250 ಮಿ.ಮೀ. ಐಎಸ್ (ಕೈಯ ಅಲುಗಾಟವನ್ನು ತಗ್ಗಿಸುವ) ಜೂಮ್ ಮತ್ತು 50 ಮಿ.ಮೀ. ಎಫ್/1.8 ಲೆನ್ಸ್ ಇವೆ. ನಾನು ತೆಗೆಯುವ ಚಿತ್ರಗಳು ಎರಡೇ ಬಗೆಯವು. ರಜೆಯಲ್ಲಿ ಊರಲ್ಲೇ ಉಳಿದರೆ ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಗಳ ಶಿಲ್ಪಗಳು. ಹೆಂಡತಿಯ ತವರಾದ ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಹೋದರೆ ಹಕ್ಕಿಗಳು. 1000ಡಿಯ ಐಎಸ್‌ಓ (ಮಂದ ಬೆಳಕಿಗಾಗಿ ಏರಿಸುವ ಸಂವೇದನೆಯ ಮಟ್ಟ) 1600ಕ್ಕೆ ಮುಗಿದುಹೋಗುತ್ತದೆ, ಆ 1600ರಲ್ಲಿ ತೆಗೆದ ಚಿತ್ರವೂ ದೊಡ್ಡದಾಗಿ ಪ್ರಿಂಟ್ ಹಾಕಿಸುವ ಹಾಗಿರುವುದಿಲ್ಲ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಕೂತ ಹಕ್ಕಿಯನ್ನು ಹಿಡಿಯಲು ಹೋದರೆ ಫೋಕಸ್ ಹಿಂದಿನ ಎಲೆಯ ಮೇಲೆ ಹೋಗಿ ನಿಲ್ಲುತ್ತದೆ.

ಈಗ ಎರಡು ಹಳೆಯ ಕ್ಯಾಮೆರಾಗಳು ಒಟ್ಟಿಗೆ ಕಣ್ಣಿಗೆ ಬಿದ್ದಿವೆ. ಇಲ್ಲಿನ ಸ್ಟುಡಿಯೋ ಒಂದರವರು ಮಿರರ್‌ಲೆಸ್‌ಗೆ ಬದಲಾಗಿ ತಮ್ಮ 5ಡಿ ಮಾರ್ಕ್ 2 ಬಾಡಿಯನ್ನು (ಲೆನ್ಸ್ ಇಲ್ಲದ ಕ್ಯಾಮೆರಾ) ಮಾರುತ್ತಿದ್ದಾರೆ. ತೋಟದ ನೆರೆಯವರೊಬ್ಬರು ಹೆಚ್ಚು ಬಳಸದೆ ಇಟ್ಟಿದ್ದ 7ಡಿ ಕೊಡಲು ಸಿದ್ಧರಿದ್ದಾರೆ. ಬೆಲೆಯಲ್ಲಿ ಅಂತರವಿದೆ, ಆದರೆ ನಿರ್ಧಾರವನ್ನು ಬದಲಿಸುವಷ್ಟು ಇಲ್ಲ. ಕೊಳ್ಳಬಹುದಾದದ್ದು ಒಂದನ್ನು ಮಾತ್ರ. ಮೊದಲನೆಯದು ಫುಲ್ ಫ್ರೇಮ್ (ಹಳೆಯ ಫಿಲ್ಮ್ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್‌ನದು) ಆದ್ದರಿಂದ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಎರಡನ್ನೂ ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.


ಜಾಲಂಧ್ರ (ಬೇಲೂರು)

ನಾನು 5ಡಿ ಮಾರ್ಕ್ 2 ಇಟ್ಟುಕೊಂಡು ದೇವಾಲಯಗಳನ್ನಷ್ಟೇ ತೆಗೆಯುವವನು, ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿದ್ದರೆ ಕಳೆದು ಓದಿಕೊಳ್ಳಿ.

2008ರಲ್ಲಿ ಬಂದ ಈ ಕ್ಯಾಮೆರಾದಲ್ಲಿ 36×24 ಮಿ.ಮೀ. ಅಳತೆಯ, 21.1 ಮೆಗಾಪಿಕ್ಸೆಲ್‌ಗಳ ಸೆನ್ಸರ್ ಇದೆ. 2009ರ 7ಡಿಯಲ್ಲಿ ಇರುವುದು 22.3×14.9 ಮಿ.ಮೀ. ಸೆನ್ಸರ್, 18 ಮೆಗಾಪಿಕ್ಸೆಲ್. ವಿಸ್ತೀರ್ಣ ಲೆಕ್ಕ ಹಾಕಿದರೆ 5ಡಿಯ ಸೆನ್ಸರ್ ಸುಮಾರು 2.6 ಪಟ್ಟು ದೊಡ್ಡದು. ಚೆನ್ನಕೇಶವ ದೇವಾಲಯದ ನವರಂಗದೊಳಗೆ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ಕಾಲಿಟ್ಟಾಗ ಈ ಲೆಕ್ಕ ಕಾಗದದ ಮೇಲೆ ಉಳಿಯುವುದಿಲ್ಲ. ಜಾಲಂಧ್ರಗಳಿಂದ, ಅಂದರೆ ಕಲ್ಲಿನ ಜಾಲರಿ ಕಿಂಡಿಗಳಿಂದ, ಸೋಸಿ ಬರುವ ಬೆಳಕು ಕಂಬಗಳ ಒಂದು ಪಕ್ಕಕ್ಕೆ ಮಾತ್ರ ತಾಗುತ್ತದೆ, ಇನ್ನೊಂದು ಪಕ್ಕ ಕಪ್ಪಾಗಿಯೇ ಇರುತ್ತದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಪಡೆಯದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ. ಹೀಗಾಗಿ ಕೈಯಲ್ಲೇ ಹಿಡಿದು, ಉಸಿರು ಬಿಗಿಹಿಡಿದು 1/15 ಸೆಕೆಂಡಿನಲ್ಲಿ ತೆಗೆಯಬೇಕು, ಐಎಸ್‌ಓ 3200ಕ್ಕೆ ಏರಲೇಬೇಕು. ಅಲ್ಲಿ 5ಡಿ ಕೊಡುವ ಫೈಲಿನಲ್ಲಿ ಕಾಳುಕಾಳು ನಾಯ್ಸ್ ಇದ್ದರೂ ಕಲ್ಲಿನ ನುಣುಪು ಉಳಿಯುತ್ತದೆ. ತಿರುಗಣೆಯಲ್ಲಿ ಕಡೆದ ಕಂಬದ ಆ ಹೊಳಪು ಮಸುಕಾದರೆ ಚಿತ್ರದಲ್ಲಿ ಇನ್ನೇನು ಉಳಿಯಿತು?

ಇನ್ನೊಂದು ಲಾಭ ಅಗಲದ್ದು. 17-40 ಮಿ.ಮೀ. ಎಫ್/4 ಲೆನ್ಸ್ 5ಡಿಯಲ್ಲಿ ನಿಜವಾದ 17 ಮಿ.ಮೀ. ನೋಟ ಕೊಡುತ್ತದೆ. ಅದನ್ನೇ 7ಡಿಗೆ ಹಾಕಿದರೆ ನೋಟ 27 ಮಿ.ಮೀ.ನಷ್ಟಕ್ಕೆ ಕಿರಿದಾಗುತ್ತದೆ, ನವರಂಗದಲ್ಲಿ ಬೆನ್ನು ಗೋಡೆಗೆ ತಾಗಿದರೂ ಭುವನೇಶ್ವರಿ (ನಡುವಿನ ಕೆತ್ತನೆಯ ಛಾವಣಿ) ಪೂರ್ತಿ ಚೌಕಟ್ಟಿನೊಳಗೆ ಬರುವುದಿಲ್ಲ.

ದೋಷವನ್ನೂ ಹೇಳಬೇಕು. ಮುಂಚಾಚಿನ ಕೆಳಗಿನ ಮದನಿಕೆಯರನ್ನು ತೆಗೆಯುವಾಗ ಹಿಂದೆ ಬೆಳ್ಳನೆಯ ಆಕಾಶ, ಮುಂದೆ ನೆರಳಿನಲ್ಲಿರುವ ಕಪ್ಪು ಬಳಪದ ಕಲ್ಲು. ಆಕಾಶವನ್ನು ಉಳಿಸಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಬಹಳ ಎತ್ತಿದರೆ ಈ ಕ್ಯಾಮೆರಾದ ಫೈಲಿನಲ್ಲಿ ಪಟ್ಟೆಪಟ್ಟೆ ಗೆರೆಗಳು ಮೂಡುತ್ತವೆ. 7ಡಿಯೂ ಈ ವಿಷಯದಲ್ಲಿ ಉತ್ತಮವೇನಲ್ಲ. ಆಕಾಶವನ್ನು ಬಿಟ್ಟುಕೊಟ್ಟು ಮುಖಕ್ಕೆ ಎಕ್ಸ್‌ಪೋಶರ್ ಇಡುವುದೇ ನನ್ನ ರೂಢಿ.


ಮಂಗಟ್ಟೆ (ಚಿಕ್ಕಮಗಳೂರು)

ಜಾಲಂಧ್ರ ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಕೇಳಿದವರ ಕೈಯಲ್ಲಿರುವ ಲೆನ್ಸ್‌ಗಳನ್ನು ಅವರು ಗಮನಿಸಿದಂತಿಲ್ಲ. 18-55 ಮತ್ತು 55-250 ಎರಡೂ ಇಎಫ್-ಎಸ್ ಬಗೆಯವು, ಅಂದರೆ ಚಿಕ್ಕ ಸೆನ್ಸರ್‌ನ ಕ್ಯಾಮೆರಾಗಳಿಗೆಂದೇ ಮಾಡಿದವು. ಅವು 5ಡಿ ಮಾರ್ಕ್ 2ರ ಮೌಂಟ್‌ಗೆ ಕೂರುವುದೇ ಇಲ್ಲ. ಅಂದರೆ ಆ ಬಾಡಿ ಕೊಂಡ ದಿನ ನಿಮ್ಮ ಬಳಿ ಕೆಲಸಕ್ಕೆ ಬರುವುದು 50 ಮಿ.ಮೀ. ಒಂದೇ. ಅದರಲ್ಲಿ ಹಕ್ಕಿ ತೆಗೆಯುವುದಾದರೆ ಹಕ್ಕಿ ನಿಮ್ಮ ಭುಜದ ಮೇಲೆ ಬಂದು ಕೂರಬೇಕು. 7ಡಿಯಾದರೆ ನಿಮ್ಮ ಮೂರು ಲೆನ್ಸ್‌ಗಳೂ ಮೊದಲ ದಿನದಿಂದಲೇ ಕೆಲಸ ಮಾಡುತ್ತವೆ.

ಈಗ ಹಕ್ಕಿಯ ವಿಷಯ. 7ಡಿಯಂಥ ಕ್ರಾಪ್ (ಚಿಕ್ಕ) ಸೆನ್ಸರ್‌ನಲ್ಲಿ 400 ಮಿ.ಮೀ. ಲೆನ್ಸ್ 640 ಮಿ.ಮೀ. ಆಗುತ್ತದೆ ಎಂದು ಅಂಗಡಿಯವರು ಹೇಳುವುದನ್ನು ಎಲ್ಲರೂ ಕೇಳಿರುತ್ತೇವೆ. ಲೆನ್ಸ್ ಉದ್ದವಾಗುವುದಿಲ್ಲ, ಚೌಕಟ್ಟು ಕಿರಿದಾಗುತ್ತದೆ, ಅಷ್ಟೇ. ಒಂದೇ ಕೊಂಬೆಯಲ್ಲಿ ಕೂತ ಒಂದೇ ಮಂಗಟ್ಟೆಯನ್ನು ಒಂದೇ ಲೆನ್ಸ್‌ನಿಂದ ತೆಗೆದರೆ ಎರಡೂ ಸೆನ್ಸರ್‌ಗಳ ಮೇಲೆ ಅದರ ಬಿಂಬದ ಗಾತ್ರ ಒಂದೇ. ವ್ಯತ್ಯಾಸ ಬರುವುದು ಆ ಬಿಂಬದ ಮೇಲೆ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದರಲ್ಲಿ. 5ಡಿಯ ಚಿತ್ರವನ್ನು 7ಡಿಯ ಚೌಕಟ್ಟಿನಷ್ಟಕ್ಕೆ ಕತ್ತರಿಸಿದರೆ ಉಳಿಯುವುದು 8 ಮೆಗಾಪಿಕ್ಸೆಲ್‌ಗಳಷ್ಟು, 7ಡಿ ಅದೇ ಜಾಗದಲ್ಲಿ 18 ಕೊಡುತ್ತದೆ. ರೆಕ್ಕೆಯ ಗರಿಗರಿ ಬಿಡಿಯಾಗಿ ಕಾಣಬೇಕೆನ್ನುವವರಿಗೆ ಇದು ಸಣ್ಣ ಅಂತರವಲ್ಲ.

ಫೋಕಸ್‌ನಲ್ಲಿ ಅಂತರ ಇನ್ನೂ ದೊಡ್ಡದು. 5ಡಿ ಮಾರ್ಕ್ 2ರಲ್ಲಿ ಆರಿಸಿಕೊಳ್ಳಬಹುದಾದ ಫೋಕಸ್ ಬಿಂದುಗಳು 9, ಅವುಗಳಲ್ಲಿ ಕ್ರಾಸ್ ಬಗೆಯದು (ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸುವಂಥದು) ನಡುವಿನದೊಂದೇ. ಉಳಿದವು ಮಂದ ಬೆಳಕಿನಲ್ಲಿ ತಡವರಿಸುತ್ತವೆ. 7ಡಿಯಲ್ಲಿ 19 ಬಿಂದುಗಳು, ಎಲ್ಲವೂ ಕ್ರಾಸ್ ಬಗೆಯವು. ಸೆಕೆಂಡಿಗೆ 5ಡಿ 3.9 ಚಿತ್ರ ತೆಗೆದರೆ 7ಡಿ 8 ತೆಗೆಯುತ್ತದೆ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ತೆರೆದುಕೊಂಡಾಗ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಗೂಡು ಮಾಡುತ್ತವೆ. ಲಕ್ಕವಳ್ಳಿಯ ದೋಣಿಯಲ್ಲಿ ಕೂತು, ದೋಣಿಯೂ ಓಲಾಡುತ್ತಿರುವಾಗ, ಮೀನು ಕಚ್ಚಿ ಬರುವ ಟರ್ನ್ ಒಂದನ್ನು ನಾನು ಗೆಳೆಯರ 5ಡಿಯಲ್ಲಿ ಹಿಂಬಾಲಿಸಲು ನೋಡಿದ್ದೇನೆ. ಒಂದು ಬೆಳಗ್ಗೆಯ ಪ್ರಯತ್ನದಲ್ಲಿ ಉಳಿದದ್ದು ನಾಲ್ಕು ಚಿತ್ರ, ಅದರಲ್ಲಿ ಎರಡು ಬಾಲದ್ದು.

ಹಾಗೆಂದು 7ಡಿಯನ್ನು ಹೊಗಳಿಕೊಂಡೇ ಹೋಗಲಾರೆ. ಮುತ್ತೋಡಿ ಕಾಡಿನೊಳಗೆ ಮುಂಜಾನೆ ಐಎಸ್‌ಓ 1600 ದಾಟಿದರೆ ನೆರಳಿನಲ್ಲಿ ನಾಯ್ಸ್ ಕಣ್ಣಿಗೆ ರಾಚುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಕಡಿಮೆಯಾದರೂ ಆ ಚಿತ್ರವನ್ನು ಮೇಲೆತ್ತಲು ಆಗುವುದಿಲ್ಲ. ಕೈ ಅಲುಗಾಡಿದರೆ ಒತ್ತೊತ್ತಾದ ಪಿಕ್ಸೆಲ್‌ಗಳು ಅದನ್ನೂ ಎತ್ತಿ ತೋರಿಸುತ್ತವೆ, ಆದ್ದರಿಂದ 1000ಡಿಯಲ್ಲಿ ಸಾಕಾಗುತ್ತಿದ್ದ ಶಟರ್ ವೇಗ ಇಲ್ಲಿ ಸಾಲದು.


ಜಾಲಂಧ್ರ (ಬೇಲೂರು)

ಇಎಫ್-ಎಸ್ ವಿಷಯವನ್ನು ನಾನು ನಿಜಕ್ಕೂ ಮರೆತಿದ್ದೆ, ಒಪ್ಪಿಕೊಳ್ಳುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಮುಂದೆ ಎಂದಾದರೂ ಲೆನ್ಸ್ ಕೊಳ್ಳುವವರೇ. ಹಳೆಯ 24-105 ಎಫ್/4 ಐಎಸ್ ಲೆನ್ಸ್ ಸಿಕ್ಕರೆ 5ಡಿಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ.


ಹಳೆ ಡಬ್ಬಿ (ಸಕಲೇಶಪುರ)

ಎರಡೂ ಕ್ಯಾಮೆರಾ ನನ್ನ ಕೈಯಲ್ಲಿ ಹಲವು ಮಳೆಗಾಲ ಕಳೆದಿವೆ. ಯಾವುದು ಮೇಲು ಎಂಬ ವಾದಕ್ಕೆ ಹೋಗುವುದಿಲ್ಲ. ನೀವು ಒಂದು ಕೆಲಸ ಮಾಡಿ. ಚೆನ್ನಾಗಿ ಬಂತೆಂದು ಉಳಿಸಿಕೊಂಡ ಚಿತ್ರಗಳನ್ನು ನೋಡಬೇಡಿ. ಕೆಟ್ಟವೆಂದು ಪಕ್ಕಕ್ಕೆ ತಳ್ಳಿದ ಚಿತ್ರಗಳನ್ನು ತೆರೆದು, ಪ್ರತಿಯೊಂದೂ ಏಕೆ ಕೆಟ್ಟಿತು ಎಂದು ಬರೆದುಕೊಳ್ಳಿ: ಕೈ ಅಲುಗಿದ್ದೇ, ಹಕ್ಕಿ ಅಲುಗಿದ್ದೇ, ಫೋಕಸ್ ತಪ್ಪಿದ್ದೇ, ನಾಯ್ಸ್ ಹೆಚ್ಚಾದದ್ದೇ, ಇಲ್ಲವೇ ಹಕ್ಕಿ ತೀರಾ ಚಿಕ್ಕದಾದದ್ದೇ. ಕೈ ಅಲುಗಿ ಕೆಟ್ಟವು ಹೆಚ್ಚಿದ್ದರೆ ಎರಡರಲ್ಲಿ ಯಾವುದನ್ನು ಕೊಂಡರೂ ನಿಮ್ಮ ಚಿತ್ರ ಬದಲಾಗುವುದಿಲ್ಲ.

ಇನ್ನು ಪರೀಕ್ಷಿಸುವ ಬಗ್ಗೆ. ಎರಡರ ಶಟರ್‌ಗೂ ಕಂಪನಿ ಹೇಳಿರುವ ಬಾಳಿಕೆ 1,50,000 ಬಾರಿ. ಸ್ಟುಡಿಯೋದಲ್ಲಿ ದುಡಿದ ಬಾಡಿ ಒಂದೆರಡು ಮದುವೆ ಸೀಸನ್‌ಗಳಲ್ಲೇ ಅದರ ಬಹುಪಾಲನ್ನು ಮುಗಿಸಿರಬಹುದು. ಈ ಕ್ಯಾಮೆರಾಗಳ ಶಟರ್ ಎಣಿಕೆ ಚಿತ್ರದ ಮಾಹಿತಿಯಲ್ಲಿ ಬರೆದಿರುವುದಿಲ್ಲ; ಯುಎಸ್‌ಬಿ ಕೇಬಲ್ ಹಾಕಿ, ಕಂಪ್ಯೂಟರಿನಲ್ಲಿ ಅದಕ್ಕೆಂದೇ ಇರುವ ತಂತ್ರಾಂಶದಿಂದ ಓದಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಎರಡರಲ್ಲೂ ಇರುವುದು ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಮೆಮೊರಿ ಕಾರ್ಡ್. ಕಾರ್ಡನ್ನು ಓರೆಯಾಗಿ ತುರುಕಿದರೆ ಒಳಗಿನ ಸಣ್ಣ ಪಿನ್‌ಗಳು ಬಾಗುತ್ತವೆ. ಆದ್ದರಿಂದ ಟಾರ್ಚ್ ಬಿಟ್ಟು ಪಿನ್‌ಗಳನ್ನು ಸಾಲಾಗಿ ನೋಡಿ, ನಿಮ್ಮದೇ ಕಾರ್ಡ್ ಹಾಕಿ ಹತ್ತಿಪ್ಪತ್ತು ಚಿತ್ರ ತೆಗೆಯಿರಿ. ನಿಮ್ಮ 1000ಡಿಯದು ಎಸ್‌ಡಿ ಕಾರ್ಡ್, ಹಾಗಾಗಿ ಕಾರ್ಡ್ ಮತ್ತು ರೀಡರ್ ಎರಡಕ್ಕೂ ಹಣ ತೆಗೆದಿಡಬೇಕು. ಬ್ಯಾಟರಿಯ ಚಿಂತೆ ಇಲ್ಲ; ಎರಡಕ್ಕೂ ಎಲ್‌ಪಿ-ಇ6, ಅದು ಇಂದಿಗೂ ಸುಲಭವಾಗಿ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬೂಷ್ಟು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಗೋಡೆಯ ಫೋಟೋ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಕ್ಯಾಮೆರಾಕ್ಕೆ ಬೇರೆ ನಿಯಮವಿಲ್ಲ. ತೋಟದ ಮನೆಯಲ್ಲಿ ಹೆಚ್ಚು ಬಳಸದೆ ಇಟ್ಟಿದ್ದ ಕ್ಯಾಮೆರಾ ಎಂದರೆ ಕೆಲವರಿಗೆ ಹೊಸದರಂತೆ ಎಂದು ಕೇಳಿಸುತ್ತದೆ, ನನಗೆ ಮೊದಲು ಬೂಷ್ಟೇ ನೆನಪಾಗುತ್ತದೆ. ಬೀರುವಿನೊಳಗೆ ಚರ್ಮದ ಚೀಲದಲ್ಲಿ ಎರಡು ಮಳೆಗಾಲ ಕೂತ ನನ್ನದೊಂದು ಲೆನ್ಸ್‌ನ ಒಳಗಾಜಿನ ಮೇಲೆ ಜೇಡರ ಬಲೆಯಂತೆ ಎಳೆ ಹರಡಿ, ಶುಚಿಗೊಳಿಸಿದ ಮೇಲೂ ಗುರುತು ಉಳಿಯಿತು. 7ಡಿಯ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಬಿಳಿ ಗೋಡೆಯನ್ನು ನೋಡಿ. ಆಮೇಲೆ ಎಫ್/16ರಲ್ಲಿ (ಲೆನ್ಸ್‌ನ ಕಿಂಡಿ ಕಿರಿದಾಗಿಸಿ) ಆಕಾಶದ ಚಿತ್ರ ತೆಗೆದು ಕಲೆಗಳನ್ನು ನೋಡಿ. ಒರೆಸಿದರೆ ಹೋಗುವ ಧೂಳು ಬೇರೆ, ಹೋಗದ ಎಳೆ ಬೇರೆ. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್‌ನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿ ಮತ್ತೆ ಬಳಸಬಹುದು, ಆದರೆ ಆ ಬಾಣಲೆಯನ್ನು ಅಡುಗೆಮನೆಗೆ ಹಿಂದಿರುಗಿಸಬೇಡಿ.


ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ಧನ್ಯವಾದಗಳು. ಹಳೆ ಡಬ್ಬಿ ಅವರ ಮಾತಿನಂತೆ ಕಳೆದ ವರ್ಷದ ಕೆಟ್ಟ ಚಿತ್ರಗಳನ್ನು ಎರಡು ರಾತ್ರಿ ಕೂತು ನೋಡಿದೆ. ನನ್ನ ಊಹೆ ಅರ್ಧ ಮಾತ್ರ ನಿಜವಾಯಿತು. ಶಿಲ್ಪಗಳ ಚಿತ್ರಗಳಲ್ಲಿ ಬಹುಪಾಲು ಹೊರಗೋಡೆಯವು, ಹಗಲಿನ ಬೆಳಕಿನಲ್ಲಿ ಐಎಸ್‌ಓ 200ರ ಸುತ್ತಮುತ್ತ ತೆಗೆದವು. ಅವು ಕೆಟ್ಟಿದ್ದರೆ ಅದಕ್ಕೆ ಕಾರಣ ನಡುಮಧ್ಯಾಹ್ನ ಹೋದ ನನ್ನ ಸೋಮಾರಿತನ. ಓರೆ ಬಿಸಿಲಿಲ್ಲದೆ ಕೆತ್ತನೆ ಚಪ್ಪಟೆಯಾಗಿ ಕಂಡಿದೆ, ಅದನ್ನು ಯಾವ ಸೆನ್ಸರ್ ಸರಿಪಡಿಸೀತು? ನವರಂಗದೊಳಗಿನ ಚಿತ್ರಗಳನ್ನು ಎಣಿಸಿದರೆ ನಲವತ್ತು ದಾಟಲಿಲ್ಲ. ಹಕ್ಕಿಗಳ ವಿಷಯದಲ್ಲಿ ಮಾತ್ರ ಹಿಂದಿನ ಎಲೆಯ ಮೇಲೆ ಫೋಕಸ್ ನಿಂತವು ಇನ್ನೂರಕ್ಕೂ ಹೆಚ್ಚು ಸಿಕ್ಕವು.

ಭಾನುವಾರ ತೋಟದ ನೆರೆಯವರ ಮನೆಗೆ ಹೋಗಿ 7ಡಿಯನ್ನು ನೋಡಿದೆ. ಅವರು ಅದನ್ನು ಮೂಟೆ ಕಟ್ಟದ ಕಾಫಿ ಬೀಜದ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು ಎಂದು ತಿಳಿದಾಗ ಎದೆ ಝಲ್ಲೆಂದಿತು. ಅದೃಷ್ಟಕ್ಕೆ ಸೊಸೆ ಕೊಟ್ಟಿದ್ದ ಗಾಳಿಯಾಡದ ಡಬ್ಬಿಯಲ್ಲಿತ್ತು. ಪಿನ್‌ಗಳು ನೇರವಾಗಿವೆ, ಶಟರ್ ಎಣಿಕೆ 21 ಸಾವಿರದಷ್ಟಿದೆ, ಆಕಾಶದ ಚಿತ್ರದಲ್ಲಿ ಮೂರು ಧೂಳಿನ ಕಲೆಗಳಿದ್ದವು, ಗಾಳಿ ಊದಿದ ಮೇಲೆ ಒಂದು ಉಳಿಯಿತು. ನನ್ನ 55-250 ಹಾಕಿ ಅವರ ಅಂಗಳದ ಅಂಚಿನ ಅಡಕೆ ಮರಕ್ಕೆ ಬಂದ ಪಿಕಳಾರದ ಮೇಲೆ ಗುರಿಯಿಟ್ಟೆ. ಹನ್ನೆರಡರಲ್ಲಿ ಎಂಟರಲ್ಲಿ ಫೋಕಸ್ ಕಣ್ಣಿನ ಮೇಲಿತ್ತು. ಹಣ ಕೊಟ್ಟು ತಂದೆ.

ಉಳಿದ ಹಣಕ್ಕೆ ಸಿಎಫ್ ಕಾರ್ಡ್, ರೀಡರ್ ಮತ್ತು ಸಿಲಿಕಾ ಜೆಲ್ ಬಂದವು, ಹಳೆಯ ಬಾಣಲೆಯೊಂದನ್ನು ಮನೆಯವರಿಂದ ಕೇಳಿ ಪಡೆದಿದ್ದೇನೆ. ಜಾಲಂಧ್ರ ಅವರೇ, ಸ್ಟುಡಿಯೋದ 5ಡಿ ಇನ್ನೂ ಮಾರಾಟವಾಗಿಲ್ಲ. ನಿಮಗೆ ಎರಡನೆಯ ಬಾಡಿ ಬೇಕಿದ್ದರೆ ತಿಳಿಸಿ, ಅವರಿಗೆ ಹೇಳಿಡುತ್ತೇನೆ.