ವೇರಿಕೋಸೀಲ್ ಇದೆ ಎಂದಿದ್ದಾರೆ. ವೀರ್ಯಾಣು ಕಡಿಮೆಯಾಗಲು ಅದೇ ಕಾರಣವೇ?

ಪ್ರಶ್ನೆ: ಬೇಕರಿಯವ

ನನಗೆ 32 ವರ್ಷ, ನನ್ನ ಪತ್ನಿಗೆ 29. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿಲ್ಲ. ಪತ್ನಿಯ ಪರೀಕ್ಷೆಗಳೆಲ್ಲ ಮುಗಿದು, ಅವರಲ್ಲಿ ಯಾವ ತೊಂದರೆಯೂ ಇಲ್ಲವೆಂದು ತಿಳಿದ ಮೇಲಷ್ಟೇ ನನ್ನ ಸರದಿ ಬಂತು. ನಮ್ಮ ಮನೆಗಳ ರೂಢಿಯೇ ಹಾಗೆ. ಕಳೆದ ತಿಂಗಳ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳು ಮಿಲಿಲೀಟರಿಗೆ 90 ಲಕ್ಷ, ಮುಂದಕ್ಕೆ ಚಲಿಸುವಂಥವು ಶೇ. 18, ಸಹಜ ಆಕಾರದವು ಶೇ. 2 ಎಂದು ಬಂದಿದೆ. ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನಿನ ವರದಿಯಲ್ಲಿ ಎಡಗಡೆ ವೇರಿಕೋಸೀಲ್ ಇದೆ ಎಂದು ಬರೆದಿದ್ದಾರೆ. ನೋವೇನೂ ಇಲ್ಲ, ಸಂಜೆಯ ಹೊತ್ತಿಗೆ ಎಡಗಡೆ ತುಸು ಜಗ್ಗಿದಂತಾಗುತ್ತದೆ, ಅಷ್ಟೆ. ನಾನು ಹಾಸನದ ಕಡೆಯವನು, ಬೆಂಗಳೂರಿನಲ್ಲಿ ಬೇಕರಿ ಇಟ್ಟುಕೊಂಡಿದ್ದೇನೆ. ಬೆಳಗಿನ ಜಾವ ನಾಲ್ಕರಿಂದ ಭಟ್ಟಿಯ ಮುಂದೆ ನಿಂತೇ ಇರುತ್ತೇನೆ. ಒಬ್ಬ ವೈದ್ಯರು ಆಪರೇಷನ್ ಮಾಡಿಸಿ ಎಂದರೆ, ಇನ್ನೊಬ್ಬರು ಅದೆಲ್ಲ ಬೇಡ, ನೇರವಾಗಿ ಪ್ರನಾಳ ಶಿಶು ಚಿಕಿತ್ಸೆಗೆ, ಅಂದರೆ ಐವಿಎಫ್‌ಗೆ ಹೋಗಿ ಎನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಮೂತ್ರರೋಗ ವಿಭಾಗದ ವೈದ್ಯ

ಕಾಲಿನಲ್ಲಿ ರಕ್ತನಾಳಗಳು ಉಬ್ಬಿ ಸುರುಳಿಯಾಗುವುದನ್ನು ನೀವು ನೋಡಿರಬಹುದು. ವೃಷಣದಿಂದ ರಕ್ತವನ್ನು ಮೇಲಕ್ಕೊಯ್ಯುವ ಅಭಿಧಮನಿಗಳಲ್ಲಿ ಅದೇ ಆದರೆ ಅದು ವೇರಿಕೋಸೀಲ್. ಬಲಗಡೆಯ ನಾಳವು ದೇಹದ ದೊಡ್ಡ ಅಭಿಧಮನಿಗೆ ಓರೆಯಾಗಿ ಸೇರಿಕೊಂಡರೆ, ಎಡಗಡೆಯದು ಇನ್ನಷ್ಟು ಉದ್ದಕ್ಕೆ ಸಾಗಿ, ಎಡ ಮೂತ್ರಪಿಂಡದ ಅಭಿಧಮನಿಗೆ ಲಂಬವಾಗಿ ಹೋಗಿ ಸೇರುತ್ತದೆ; ಅಲ್ಲಿನ ಕವಾಟಗಳು ಸೋತರೆ ರಕ್ತ ಹಿಂದಕ್ಕೆ ಇಳಿದು ನಿಲ್ಲುತ್ತದೆ. ಹತ್ತರಲ್ಲಿ ಒಂಬತ್ತು ಪ್ರಕರಣಗಳು ಎಡಗಡೆಯೇ ಕಾಣಿಸಿಕೊಳ್ಳುವುದು ಹೀಗಾಗಿ. ಬಲಗಡೆ ಮಾತ್ರ ಇದ್ದರೆ, ಅಥವಾ ಮಲಗಿದಾಗಲೂ ಉಬ್ಬು ಇಳಿಯದಿದ್ದರೆ, ಒಳಗೆ ಏನಾದರೂ ನಾಳವನ್ನು ಒತ್ತುತ್ತಿದೆಯೇ ಎಂದು ತಿಳಿಯಲು ಹೊಟ್ಟೆಯ ಸ್ಕ್ಯಾನ್ ಬೇಕಾಗಬಹುದು.

ವೀರ್ಯಾಣುಗಳು ತಯಾರಾಗಲು ವೃಷಣವು ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕು. ಒಳಬರುವ ಬಿಸಿ ರಕ್ತವನ್ನು ಹೊರಹೋಗುವ ತಣ್ಣನೆಯ ರಕ್ತ ಆರಿಸುವ ವ್ಯವಸ್ಥೆ ಅಲ್ಲಿದೆ. ರಕ್ತ ನಿಂತುಬಿಟ್ಟರೆ ಆ ವ್ಯವಸ್ಥೆಯೇ ಕೆಡುತ್ತದೆ. ಶಾಖದ ಜೊತೆಗೆ ಆಕ್ಸಿಡೇಟಿವ್ ಒತ್ತಡವೂ (ಜೀವಕೋಶಗಳನ್ನು ಕೆಡಿಸುವ ಆಮ್ಲಜನಕದ ಕಣಗಳ ಹಾವಳಿ) ಹೆಚ್ಚಿ ವೀರ್ಯಾಣುಗಳ ಪೊರೆಗೂ ಡಿಎನ್‌ಎಗೂ ಪೆಟ್ಟು ಬೀಳುತ್ತದೆ. ಸಂಖ್ಯೆ, ಚಲನೆ, ಆಕಾರ ಮೂರೂ ಒಟ್ಟಿಗೆ ಇಳಿಯುವುದು ಇದರಿಂದ. ನಿಮ್ಮ ಭಟ್ಟಿಯ ಕಾವು ಇದಕ್ಕೆ ತನ್ನ ಪಾಲನ್ನು ಸೇರಿಸುತ್ತಿರಬಹುದು, ಆದರೆ ವೇರಿಕೋಸೀಲ್ ಹುಟ್ಟಿದ್ದು ಭಟ್ಟಿಯಿಂದಲ್ಲ.

ಇಷ್ಟಾದರೂ, ಇದೇ ಕಾರಣವೆಂದು ಈಗಲೇ ತೀರ್ಮಾನಿಸಬೇಡಿ. ಗಂಡಸರಲ್ಲಿ ಸುಮಾರು ಶೇ. 15 ಮಂದಿಗೆ ವೇರಿಕೋಸೀಲ್ ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಮಕ್ಕಳಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಮಿತಿಗಳು ಮಿಲಿಲೀಟರಿಗೆ 1.6 ಕೋಟಿ, ಮುನ್ನಡೆಯ ಚಲನೆ ಶೇ. 30, ಸಹಜ ಆಕಾರ ಶೇ. 4. ಒಂದು ವರ್ಷದೊಳಗೆ ತಂದೆಯಾದವರನ್ನೇ ಪರೀಕ್ಷಿಸಿ ಗೊತ್ತುಮಾಡಿದ ಮಿತಿಗಳಿವು, ಅಂಥ ತಂದೆಯರಲ್ಲೂ ನೂರಕ್ಕೆ ಐವರು ಇದಕ್ಕಿಂತ ಕೆಳಗಿದ್ದರು.

ನಿಮ್ಮನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿ, ಕೈಯಿಂದ ಮುಟ್ಟಿ ಯಾರಾದರೂ ನೋಡಿದ್ದಾರೆಯೇ? ಮುಕ್ಕಿದಾಗ ಮಾತ್ರ ಸಿಕ್ಕರೆ ಗ್ರೇಡ್ 1, ಸುಮ್ಮನೆ ನಿಂತಾಗಲೂ ಎರೆಹುಳುಗಳ ಮುದ್ದೆಯಂತೆ ಕೈಗೆ ಸಿಕ್ಕರೆ 2, ಕಣ್ಣಿಗೇ ಕಂಡರೆ 3. ಸ್ಕ್ಯಾನಿನಲ್ಲಿ ಮಾತ್ರ ಕಾಣುವುದಕ್ಕೆ ಆಪರೇಷನ್ ಮಾಡುವುದರಿಂದ ಪ್ರಯೋಜನವಿಲ್ಲ. ಕೈಗೆ ಸಿಗುವಂತಿದ್ದು, ಎರಡು ವರದಿಗಳು ಕೆಟ್ಟಿದ್ದು, ಪತ್ನಿಯ ವಯಸ್ಸು 29 ಆಗಿರುವಾಗ, ಆಪರೇಷನ್ ಮಾಡಿಸಿ ಆರು ತಿಂಗಳು ಕಾಯಲು ನಿಮಗೆ ಸಮಯವಿದೆ. ಅವರಿಗೆ 37 ಆಗಿದ್ದರೆ ನನ್ನ ಮಾತು ಬೇರೆಯಾಗಿರುತ್ತಿತ್ತು.

ಉತ್ತರ: ದಾವಣಗೆರೆಯ ಓದುಗ

ನನಗೆ ಎರಡು ವರ್ಷದ ಹಿಂದೆ ಸೂಕ್ಷ್ಮದರ್ಶಕ ಬಳಸುವ ಆಪರೇಷನ್ ಆಯಿತು. ತೊಡೆಯ ಸಂದಿಗೆ ಸ್ವಲ್ಪ ಕೆಳಗೆ ಎರಡು ಬೆರಳಗಲದ ಗಾಯ. ಮರುದಿನ ಮನೆಗೆ ಬಂದೆ, ಒಂದು ತಿಂಗಳು ಭಾರ ಎತ್ತಲಿಲ್ಲ. ಮೂರು ತಿಂಗಳಿಗೆ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಬದಲಾಗಿರಲಿಲ್ಲ. ದುಡ್ಡು ದಂಡವಾಯಿತೆಂದು ಅಣ್ಣನೊಡನೆ ಜಗಳವನ್ನೂ ಆಡಿದೆ. ಆರನೇ ತಿಂಗಳಿಗೆ 70 ಲಕ್ಷವಿದ್ದದ್ದು 1.9 ಕೋಟಿಯಾಗಿತ್ತು. ಆದರೂ ಗರ್ಭ ತಾನಾಗಿಯೇ ನಿಲ್ಲಲಿಲ್ಲ, ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐಯುಐ ಮಾಡಿಸಿದೆವು. ಎರಡನೇ ಸಲಕ್ಕೆ ಫಲಿಸಿತು. ಆಪರೇಷನ್ನಿಗೆ ಮುಂಚೆ ಒಂದು ವರ್ಷ ನುಂಗಿದ ಸತುವಿನ ಮಾತ್ರೆಗಳ ಬಗ್ಗೆ ಮಾತ್ರ ನನಗೆ ಈಗಲೂ ಸಿಟ್ಟಿದೆ.

ಉತ್ತರ: ಮೂತ್ರರೋಗ ವಿಭಾಗದ ವೈದ್ಯ

ಆ ಸಿಟ್ಟು ನ್ಯಾಯವಾದದ್ದೇ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸತು ಮತ್ತು ಫೋಲಿಕ್ ಆಮ್ಲದಿಂದ ವೀರ್ಯದ ಗುಣವೂ ಸುಧಾರಿಸಲಿಲ್ಲ, ಮಕ್ಕಳಾಗುವುದೂ ಹೆಚ್ಚಲಿಲ್ಲ.

ಉತ್ತರ: ಲ್ಯಾಬಿನವಳು

ನಾನು ವೀರ್ಯ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಒಂದೇ ವರದಿಯನ್ನು ಹಿಡಿದುಕೊಂಡು ಆಪರೇಷನ್ನಿಗೆ ಹೊರಟವರನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಮಾದರಿ ಕೊಡುವ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಸಂಯಮವಿರಬೇಕು. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಬೈಕಿನ ಡಿಕ್ಕಿಯಲ್ಲಿಟ್ಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಚಲನೆಯ ಅಂಕಿಗೆ ಅರ್ಥವೇ ಇರುವುದಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆ ಅವಧಿಯಲ್ಲಿ ಜ್ವರ ಬಂದಿದ್ದರೆ ಅದರ ಕಾವಿಗೇ ಅಂಕಿಗಳು ಇಳಿದಿರಬಹುದು. ಹಾಗಾಗಿ ಕೇಳುತ್ತೇನೆ: ಪರೀಕ್ಷೆಗೆ ಹಿಂದಿನ ಮೂರು ತಿಂಗಳಲ್ಲಿ ನಿಮಗೆ ಜ್ವರವೇನಾದರೂ ಬಂದಿತ್ತೇ?

ಬೇಕರಿಯವ

ಬಂದಿತ್ತು, ಮೇಡಂ. ಪರೀಕ್ಷೆಗೆ ಐದು ವಾರ ಮುಂಚೆ ಡೆಂಗಿಯಾಗಿ ಆರು ದಿನ ಮಲಗಿದ್ದೆ. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಕೈಯಿಂದ ಮುಟ್ಟಿ ನೋಡಿದವರೂ ಇಲ್ಲ. ಇಬ್ಬರೂ ಸ್ಕ್ಯಾನಿನ ಹಾಳೆ ಓದಿಯೇ ಹೇಳಿದ್ದು. ಜ್ವರ ಬಿಟ್ಟು ಮೂರು ತಿಂಗಳಾಗಲು ಇನ್ನು ನಾಲ್ಕು ವಾರವಿದೆ. ಅಲ್ಲಿಯವರೆಗೆ ಭಟ್ಟಿಯನ್ನು ತಮ್ಮನಿಗೆ ಬಿಟ್ಟು ಗಲ್ಲಾದಲ್ಲಿ ಕೂರುತ್ತೇನೆ, ಆಮೇಲೆ ಲ್ಯಾಬಿನಲ್ಲೇ ಮಾದರಿ ಕೊಟ್ಟು ಎರಡನೇ ವರದಿಯನ್ನು ಇಲ್ಲಿ ಬರೆಯುತ್ತೇನೆ.